ಒಬ್ಬನ ಮೊಣಕಾಲಿನ ಅಳತೆಗೆ ಕೂತ ಎರಡು ತಾಲ್ಲೂಕು

ಈ ಬರಹವನ್ನು ಮೂರು ಸಲ ಶುರು ಮಾಡಿ ಹರಿದು ಹಾಕಿದ್ದೇನೆ. ಮೊದಲನೆಯದರಲ್ಲಿ ನಾನು ಬಹಳ ಜಾಣನಾಗಿದ್ದೆ. ಎರಡನೆಯದರಲ್ಲಿ ಬಹಳ ವಿನಯವಂತ. ಮೂರನೆಯದರಲ್ಲಿ ಎಲ್ಲರೂ ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದರು. ಹುಮನಾಬಾದಿನಲ್ಲಿ ಹಾಗೆ ಯಾರೂ ಮಾತಾಡುವುದಿಲ್ಲ. ಇದು ನಾಲ್ಕನೆಯದು. ಇದನ್ನೂ ಹರಿಯಬೇಕೆನಿಸುವ ಮೊದಲೇ ನಾಗೇಶನ ಕೈಗೆ ಕೊಟ್ಟುಬಿಡಬೇಕು.

ನಾಗೇಶ ಹುಮನಾಬಾದಿನಲ್ಲಿ ಜಿಮ್ ಇಟ್ಟಿದ್ದಾನೆ. ಈಚೆಗೆ ಫಿಟ್ನೆಸ್ ಸ್ಪರ್ಧೆಗಳ ತೀರ್ಪುಗಾರನೂ ಆಗಿದ್ದಾನೆ. ಅವನ ಜೊತೆ ಇನ್ನೂ ಏಳೆಂಟು ಮಂದಿ ಹೊಸಬರು ಈ ಕೆಲಸಕ್ಕೆ ಬಂದಿದ್ದಾರೆ. "ಸರ್, ರೂಲ್ ಬುಕ್ ನಮ್ಮ ಹತ್ರ ಅದ. ಅದ್ರಾಗ ಇರಲಾರದ್ದು ಬರದ್ ಕೊಡ್ರಿ" ಎಂದ. ನಾನು ಬಸವಕಲ್ಯಾಣದಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದೆ. ಶಾಲೆಯಿಂದ ನಿವೃತ್ತಿಯಾಗಿ ಕೆಲವು ವರ್ಷಗಳಾದವು, ತೀರ್ಪು ಕೊಡುವುದನ್ನು ಬಿಟ್ಟದ್ದು ಹೋದ ವರ್ಷ. ದಂಡ, ಬೈಠಕ್, ಪುಲ್-ಅಪ್, ಆಮೇಲೆ ಬಂದ ಬರ್ಪಿ, ಬಾಕ್ಸ್ ಜಂಪ್ ಎಲ್ಲವನ್ನೂ ಎಣಿಸಿದ್ದೇನೆ. ನನ್ನ ಜೀವಮಾನದಲ್ಲಿ ನಾನು ಹೆಚ್ಚು ಸಲ ಆಡಿದ ಪದ 'ಬಾದ್'. ಅಂದರೆ ಇದು ಲೆಕ್ಕಕ್ಕಿಲ್ಲ, ಮತ್ತೆ ಮಾಡು. ನನ್ನ ಹೆಂಡತಿ ಹೇಳುವ ಪ್ರಕಾರ ನಿದ್ದೆಯಲ್ಲೂ ಅನ್ನುತ್ತೇನೆ.

ನಿಜವಾಗಿ ಹೇಳಬೇಕಾದದ್ದು ಒಂದೇ ಒಂದು ಬೈಠಕ್‌ನ ವಿಷಯ. ಹುಲಸೂರಿನ ಜಗದೇವಿ ಎಂಬ ಹೆಣ್ಣುಮಗಳು ಹುಮನಾಬಾದಿನ ಸ್ಪರ್ಧೆಯಲ್ಲಿ ಹಾಕಿದ ಕೊನೆಯ ಬೈಠಕ್. ನಾನು ಅದಕ್ಕೆ ಬಾದ್ ಅಂದೆ. ಆ ಒಂದು ಪದಕ್ಕೆ ಅವಳಿಗೆ ಸಿಗಬೇಕಾಗಿದ್ದ ನೌಕರಿ ಕೈತಪ್ಪುವುದರಲ್ಲಿತ್ತು. ನೇರವಾಗಿ ಅಲ್ಲಿಗೇ ಹೋಗಬಹುದು. ಹೋದರೆ ನಾನೊಬ್ಬ ಕುರುಡನೋ ಕೆಟ್ಟವನೋ ಎನಿಸೀತು. ಎರಡೂ ಅಲ್ಲ ಎಂದು ತೋರಿಸಲು ಸ್ವಲ್ಪ ಸುತ್ತಿ ಬರುತ್ತೇನೆ.

ಹೊಸಬರಿಗೆ ಮೊದಲು ಒಂದು ಮಾತು: ಈ ಕೆಲಸದಲ್ಲಿ ನಿಯಮ ಗೊತ್ತಿರುವುದು ಸುಲಭ. ಮುಂದಿನ ಸಾಲಿನಲ್ಲಿ ಒಬ್ಬನ ತಾಯಿ, ಹೆಂಡತಿ, ಅವನ ಓಣಿಯ ಮೂವತ್ತು ಜನ ಕುಳಿತಿರುವಾಗ ಆ ನಿಯಮವನ್ನು ಬಾಯಿಂದ ಹೊರಡಿಸುವುದು ಕಷ್ಟ.

ನಾನು ಹೊಸಬನಾಗಿದ್ದಾಗ ಬಸವಕಲ್ಯಾಣದಲ್ಲಿ, ಕೋಟೆಯ ಹತ್ತಿರದ ಬಯಲಿನಲ್ಲಿ ದಂಡದ ಸ್ಪರ್ಧೆ ನಡೆಯಿತು. ದಂಡಕ್ಕೆ ನಿಯಮವೆಂದರೆ ಎದೆ ನೆಲಕ್ಕೆ ತಾಗಬೇಕು. ತಾಗಿತೋ ಇಲ್ಲವೋ ಎಂಬ ಜಗಳವೇ ಬೇಡವೆಂದು ನಾನೊಂದು ಉಪಾಯ ಮಾಡಿದೆ. ನೆಲಕ್ಕೆ ಸುಣ್ಣದ ಪುಡಿ ಹಾಕಿದೆ. ಎದ್ದು ನಿಂತಾಗ ಬನಿಯನ್ನಿನ ಮೇಲೆ ಬಿಳಿ ಗುರುತಿದ್ದರೆ ದಂಡ ಸರಿ. ನನಗೆ ನಾನೇ ಶಹಬಾಸ್ ಅಂದುಕೊಂಡೆ. ಮೊದಲು ಬಂದವನು ಒಬ್ಬ ಕಿರಾಣಿ ಅಂಗಡಿಯವನು, ಒಳ್ಳೆಯ ದೇಹ, ಅದಕ್ಕಿಂತ ಒಳ್ಳೆಯ ಹೊಟ್ಟೆ. ಎದ್ದು ನಿಂತಾಗ ಹೊಟ್ಟೆಯ ಮೇಲೆ ಬಿಳಿ ಚಂದ್ರ, ಎದೆ ಚೊಕ್ಕ.

"ಬಾದ್" ಎಂದೆ.

"ಯಾಕ್ರಿ ಸರ್? ಸುಣ್ಣ ಹತ್ತೇದಲ್ಲ!"

"ಎದಿ ಹತ್ತಬೇಕಪ್ಪ. ಹೊಟ್ಟಿ ಹತ್ತೇದ."

"ಹೊಟ್ಟಿನೂ ನಂದೇ ಅದ ಸರ್. ಬ್ಯಾರೆದವ್ರದು ತಂದಿಲ್ಲ."

ಜನ ನಕ್ಕರು, ನಾನೂ ನಕ್ಕೆ. ನಕ್ಕ ತೀರ್ಪುಗಾರ ಅರ್ಧ ಸೋತಂತೆ. ಅವತ್ತು ಅವನಿಗೆ ಅಷ್ಟೂ ದಂಡ ಕೊಟ್ಟುಬಿಟ್ಟೆ. ಅದು ನನ್ನ ಮೊದಲ ತಪ್ಪು ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಅದು ಮೊದಲನೆಯದಾಗಿರಲಾರದು. ಹೇಳಲು ಚಂದ ಇದೆ, ಹಾಗಾಗಿ ಮೊದಲ ಜಾಗಕ್ಕೆ ಬಂದು ಕುಳಿತಿದೆ. ನೆನಪಿನಲ್ಲಿ ತಪ್ಪುಗಳು ಸರತಿಯಲ್ಲಿ ನಿಲ್ಲುವುದಿಲ್ಲ, ಚೆನ್ನಾಗಿ ಮಾತಾಡುವ ತಪ್ಪು ಮುಂದೆ ನುಗ್ಗುತ್ತದೆ.

ಪುಲ್-ಅಪ್‌ನದು ಬೇರೆ ತಮಾಷೆ. ಗದ್ದ ಕಂಬಿಯ ಮೇಲೆ ಬರಬೇಕು. ಕೊನೆಕೊನೆಗೆ ಕೈ ಸೋತಾಗ ಎಲ್ಲರೂ ಒಂಟೆಯಾಗುತ್ತಾರೆ. ದೇಹ ಕೆಳಗೇ, ಕತ್ತು ಮಾತ್ರ ಮೇಲಕ್ಕೆ. ಇದಕ್ಕೆ ಬಾದ್ ಅನ್ನಬೇಕೇ? ಪುಸ್ತಕದಲ್ಲಿ ಗದ್ದ ಎಂದಿದೆ, ಕತ್ತಿನ ಮಾತಿಲ್ಲ. ನಾನು ಒಂದು ವರ್ಷ ಬಿಟ್ಟೆ, ಒಂದು ವರ್ಷ ಹಿಡಿದೆ. ಯಾವ ವರ್ಷ ಯಾವುದು ಎಂದು ಈಗ ಕೇಳಬೇಡಿ. ಆದರೆ ಒಂದು ಕಲಿತೆ: ನಿಯಮ ಬಿಗಿಯಾಗಿರಲಿ, ಸಡಿಲವಾಗಿರಲಿ, ಸ್ಪರ್ಧೆ ಶುರುವಾಗುವ ಮೊದಲೇ ಎಲ್ಲರನ್ನೂ ನಿಲ್ಲಿಸಿ ಮಾಡಿ ತೋರಿಸಬೇಕು. ನಡುವೆ ಬದಲಾದರೆ ಮಾತ್ರ ಪಾಪ.

ಈಗ ಮಣೆಯ ವಿಷಯಕ್ಕೆ ಬರುತ್ತೇನೆ.

ಬೈಠಕ್‌ಗೆ ನಿಯಮವೇನೆಂದರೆ, ಕೆಳಗೆ ಕೂತಾಗ ಸೊಂಟ ಮೊಣಕಾಲಿಗಿಂತ ಕೆಳಗೆ ಇಳಿಯಬೇಕು, ಮೇಲೆ ಬಂದಾಗ ಪೂರ್ತಿ ನೆಟ್ಟಗೆ ನಿಲ್ಲಬೇಕು. ಎಷ್ಟು ಇಳಿದರು ಎಂದು ಪಕ್ಕದಿಂದ ನೋಡಿ ಹೇಳುವುದು ಕಷ್ಟ. ನನಗೆ ಕಸರತ್ತು ಕಲಿಸಿದ ಉಸ್ತಾದರು ತಮ್ಮ ತಾಲೀಮಿನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಹಿಂದೆ ಸ್ಟೂಲಿನ ಹಾಗೆ ಕಾಲಿರುವ ಒಂದು ಮರದ ಮಣೆ ಇಡುವುದು. ಕೂತಾಗ ಕುಂಡೆ ಮಣೆಗೆ ತಾಗಿ ಟಕ್ ಎಂದರೆ ಸರಿ, ಇಲ್ಲವಾದರೆ ಬಾದ್. ಸದ್ದಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಉಸ್ತಾದರು ನನ್ನನ್ನು ಬೈದಷ್ಟು ಯಾವ ಹೆಡ್‌ಮಾಸ್ತರನೂ ಬೈದಿಲ್ಲ, ಮತ್ತು ಅವರ ಮಾತನ್ನು ನಾನು ಕೇಳಿದಷ್ಟು ಯಾವ ಹೆಡ್‌ಮಾಸ್ತರನ ಮಾತನ್ನೂ ಕೇಳಿಲ್ಲ. ಕೆಂಪು ಬಣ್ಣ ಬಳಿದ ಆ ಮಣೆಗೆ ಹುಡುಗರು 'ಪಂಚರು' ಎಂದು ಹೆಸರಿಟ್ಟಿದ್ದರು. ಉಸ್ತಾದರು ತೀರಿಕೊಂಡ ಮೇಲೆ ಪಂಚರು ನನ್ನ ಮನೆಗೆ ಬಂದರು.

ಆಮೇಲೆ ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲ್ಲೂಕುಗಳಲ್ಲಿ ಎಲ್ಲಿ ಬೈಠಕ್ ಇದ್ದರೂ ನಾನು ಮಣೆ ಹೊತ್ತುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದೆ. ಹುಮನಾಬಾದಿನ ಬಸ್ಸಿನ ಕಂಡಕ್ಟರ್ ಒಬ್ಬ ಪ್ರತಿ ಸಲ ಕೇಳುತ್ತಿದ್ದ: "ಸರ್, ಪಂಚರಿಗಿ ಫುಲ್ ಟಿಕೆಟೋ ಹಾಫೋ?" ಸೀಟಿಲ್ಲದಾಗ ಯಾರಾದರೂ ಅಜ್ಜಿ ಅದರ ಮೇಲೆ ಕುಳಿತು ಬರುತ್ತಿದ್ದರು. ಅಜ್ಜಿಯರಿಗೆ ನಾನು ಬಾದ್ ಅನ್ನಲಿಲ್ಲ.

ಈ ಮಣೆಯ ಮೇಲೆ ಹುಮನಾಬಾದಿನ ವೈಜಿನಾಥ ಮೂರು ವರ್ಷ ಸತತ ಚಾಂಪಿಯನ್ ಆದ. ವೈಜಿನಾಥ ಅಡತಿ ಅಂಗಡಿಯ ಮಾಲೀಕ, ನನ್ನ ಗೆಳೆಯ, ಈಗ ಸ್ಪರ್ಧಾ ಸಮಿತಿಯ ಅಧ್ಯಕ್ಷ. ಎತ್ತರ ನನ್ನ ಭುಜದವರೆಗೆ. ಗೆದ್ದ ಮೂರು ಕಪ್‌ಗಳು ಅಂಗಡಿಯಲ್ಲಿ ತೊಗರಿ, ಹೆಸರಿನ ಸ್ಯಾಂಪಲ್ ಡಬ್ಬಿಗಳ ಮೇಲಿನ ಕಪಾಟಿನಲ್ಲಿವೆ; ದಿನಾ ಊದುಬತ್ತಿ. ಅವನಾದ ಮೇಲೆ ಗೆದ್ದವರೂ ಗಿಡ್ಡರೇ. ನಮ್ಮಲ್ಲಿ ಬೈಠಕ್ ಗೆದ್ದ ಉದ್ದನೆಯ ಮನುಷ್ಯ ಒಬ್ಬನೂ ಇರಲಿಲ್ಲ. ನಾನು ಇದರ ಮೇಲೆ ಒಂದು ಸಿದ್ಧಾಂತವನ್ನೇ ಕಟ್ಟಿದ್ದೆ. ಗಿಡ್ಡ ದೇಹದಲ್ಲಿ ರಕ್ತ ಬೇಗ ತಿರುಗುತ್ತದೆ, ಜೋಳದ ರೊಟ್ಟಿಯ ಬಲ ತೊಡೆಯಲ್ಲೇ ನಿಲ್ಲುತ್ತದೆ ಎಂದು ಬಹುಮಾನ ವಿತರಣೆಗಳಲ್ಲಿ ಭಾಷಣ ಮಾಡುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಮುಂದಿನ ಸಾಲಿನಲ್ಲಿ ವೈಜಿನಾಥ ಎಲ್ಲರಿಗಿಂತ ಜೋರಾಗಿ.

ಜಗದೇವಿ ಉದ್ದ. ನನಗಿಂತ ಉದ್ದ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಮಾತ್ರೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಎಂಟು ತಾಸು ನಿಂತು, ಆಮೇಲೆ ನಾಗೇಶನ ಜಿಮ್ಮಿನಲ್ಲಿ ಒಂದು ತಾಸು ಬೆವರು, ಆಮೇಲೆ ಹುಲಸೂರಿನ ಬಸ್ಸು. ಬಸವಕಲ್ಯಾಣದಲ್ಲಿ ಹೆಂಗಸರ ಜಿಮ್ ಒಂದು ಹೊಸದಾಗಿ ಶುರುವಾಗುವುದಿತ್ತು. ಅವರು ತರಬೇತಿ ಕೊಡುವ ಕೆಲಸವನ್ನು ಇವಳಿಗೇ ಇಟ್ಟಿದ್ದರು, ಆದರೆ ರಾಜ್ಯ ಮಟ್ಟದಲ್ಲಿ ಆಡಿದ ಪ್ರಮಾಣಪತ್ರ ತರಬೇಕು ಎಂಬ ಷರತ್ತಿನ ಮೇಲೆ. ಹುಮನಾಬಾದಿನ ಸ್ಪರ್ಧೆಯಲ್ಲಿ ಮೊದಲ ಇಬ್ಬರು ರಾಜ್ಯ ಮಟ್ಟಕ್ಕೆ ಹೋಗುವವರು. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿರಬಾರದಿತ್ತು. ಆದರೆ ನಮ್ಮ ಊರುಗಳಲ್ಲಿ ತೀರ್ಪುಗಾರನಿಗೆ ಗೊತ್ತಾಗದಂತೆ ಯಾರ ಬದುಕನ್ನೂ ಮುಚ್ಚಿಡಲು ಬರುವುದಿಲ್ಲ.

ಮೂರು ನಿಮಿಷದ ಬೈಠಕ್. ಜಗದೇವಿ ಕೊನೆಯ ಸೆಕೆಂಡಿನಲ್ಲಿ ಒಂದು ಹಾಕಿದಳು, ನಾನು ಬಾದ್ ಎಂದೆ. ಆ ಒಂದು ಬೈಠಕ್ ಕಡಿಮೆ ಬಿದ್ದು ಮೂರನೆಯವಳಾದಳು. ಎರಡನೆಯ ಸ್ಥಾನ ಚಿಟಗುಪ್ಪದ ಹುಡುಗಿ ಲಕ್ಷ್ಮಿಗೆ ಹೋಯಿತು. ಅವಳು ಪುಟ್ಟ, ಚುರುಕು, ಚೆಂಡಿನ ಹಾಗೆ ಪುಟಿಯುವವಳು.

ಆ ಬಾದ್ ಹೇಗೆ ಬಂತು? ನನ್ನ ನೆನಪಿನ ಒಂದು ಪಾಠ ಹೀಗಿದೆ: ಮಣೆಗೂ ಅವಳಿಗೂ ನಡುವೆ ಎರಡು ಬೆರಳಿನ ಬೆಳಕು ಸ್ಪಷ್ಟವಾಗಿ ಕಂಡಿತು. ಇನ್ನೊಂದು ಪಾಠ: ನಾನು ನೋಡಲೇ ಇಲ್ಲ, ಟಕ್ ಎನ್ನುವ ಸದ್ದಿಗೆ ಕಾದೆ, ಅದು ಕೇಳಲಿಲ್ಲ. ಅವಳ ತಮ್ಮ ತೆಗೆದ ಮೊಬೈಲ್ ವಿಡಿಯೋ ಮೂರನೆಯದನ್ನು ಹೇಳುತ್ತದೆ. ಅದರಲ್ಲಿ ವೈಜಿನಾಥ ನನ್ನ ಕಡೆ ಚಹಾದ ಕಪ್ ಚಾಚಿದ್ದಾನೆ, ನಾನು ಕತ್ತು ಅತ್ತ ತಿರುಗಿಸಿದ್ದೇನೆ. ಚಹಾ ಕುಡಿದ ನೆನಪು ನನಗೆ ಒಂದಿಷ್ಟೂ ಇಲ್ಲ. ಈ ಮೂರರಲ್ಲಿ ಒಂದನ್ನು ಆರಿಸಿ ನಿಮಗೆ ಕೊಡಲು ನಾನು ತಯಾರಿಲ್ಲ. ಆರಿಸಿದರೆ ಅದು ನನಗೆ ಅನುಕೂಲವಾದದ್ದೇ ಆಗಿರುತ್ತದೆ.

ಎರಡು ದಿನ ಬಿಟ್ಟು ಜಗದೇವಿ ನನ್ನ ಮನೆಗೆ ಬಂದಳು. ಅಳುತ್ತ ಬರುತ್ತಾಳೆ ಅಂದುಕೊಂಡಿದ್ದೆ. ಕೈಯಲ್ಲಿ ಸುತ್ತಳಿ ಹುರಿ ಹಿಡಿದುಕೊಂಡು ಬಂದಳು.

"ಕಾಶಿನಾಥ ಸರ್, ಪಂಚರು ಎಲ್ಲಿ ಅದಾರ?"

ತೋರಿಸಿದೆ. ನನ್ನ ಹೆಂಡತಿ ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು.

"ನೀವು ಗ್ವಾಡಿ ಹಿಡದು ಅರ್ಧಾ ಕುಂದರ್ರಿ ಸರ್. ತೊಡಿ ನೆಲಕ್ಕ ಬರಾಬರ್ ಆಗೂತನಾ."

"ಯಾಕವ್ವ?"

"ಕುಂದರ್ರಿ ಅಂದೆ. ಮೂರು ನಿಮಿಷ ನಾನು ನಿಮ್ಮ ಮಾತು ಕೇಳೀನಿ. ಅರ್ಧಾ ನಿಮಿಷ ನೀವು ನನ್ನ ಮಾತು ಕೇಳ್ರಿ."

ಕೂತೆ. ನನ್ನ ಕೆಳಗೆ ನೆಲದಿಂದ ಎಷ್ಟು ಜಾಗವಿದೆ ಎಂದು ಸುತ್ತಳಿಯಿಂದ ಅಳೆದು ಗಂಟು ಹಾಕಿದಳು. ನನ್ನ ಹೆಂಡತಿಯನ್ನು ಕೂರಿಸಿ ಅಳೆದಳು, ಇನ್ನೊಂದು ಗಂಟು. ಆಮೇಲೆ ತಾನೇ ಕೂತು ಹೆಂಡತಿಯ ಕೈಯಿಂದ ಅಳೆಸಿದಳು, ಮೂರನೆಯ ಗಂಟು. ಸುತ್ತಳಿಯನ್ನು ಮಣೆಯ ಪಕ್ಕ ನೆಟ್ಟಗೆ ಹಿಡಿದಳು. ಹೆಂಡತಿಯ ಗಂಟು ಮಣೆಯ ಸಮಕ್ಕೆ ಬಂತು. ನನ್ನದು ಮಣೆಗಿಂತ ಮೇಲೆ. ಅವಳದು ನನ್ನದಕ್ಕಿಂತಲೂ ಮೇಲೆ, ಮಣೆಯಿಂದ ಒಂದು ಹಿಡಿ ಎತ್ತರದಲ್ಲಿ.

"ನಂದು ಬರಾಬರ್ ಇಳದಿತ್ತ್ರಿ. ನಿಮ್ಮ ಪಂಚರಿಗಿ ಮುಟ್ಟಬೇಕಂದ್ರ ನಾನು ಎಲ್ಲಾರಕಿಂತ ಒಂದು ಹಿಡಿ ಹೆಚ್ಚಿಗಿ ಇಳೀಬೇಕು. ಪ್ರತಿ ಸಲ. ಗಿಡ್ಡನವ್ರು ಪೂರಾ ಇಳಿಯೂ ಮೊದಲೇ ಟಕ್ ಅಂತದ."

ನನ್ನ ಹೆಂಡತಿ ನನ್ನನ್ನು ನೋಡಿ, "ಇಷ್ಟು ವರ್ಷ ಹೊತಗೊಂಡು ತಿರಗ್ಯಾಡೀರಿ, ಒಂದಿನಾನೂ ಅಳದಿಲ್ಲೇನ್ರಿ?" ಎಂದಳು.

ಇಲ್ಲ. ಒಂದು ದಿನವೂ ಅಳೆದಿರಲಿಲ್ಲ. ಯಾಕೆಂದರೆ ಅದು ಅಳತೆಗೋಲೇ ಆಗಿತ್ತು. ಅಳತೆಗೋಲನ್ನು ಯಾರು ಅಳೆಯುತ್ತಾರೆ? ಆಗ ನೆನಪಾಯಿತು: ಮಣೆ ಮಾಡಿಸಿದ ದಿನ ನಾನು ಅಲ್ಲಿದ್ದೆ. ಉಸ್ತಾದರು ತಾವೇ ಅರ್ಧ ಕೂತು ಬಡಿಗನಿಗೆ, "ನನ್ನ ಕೆಳಗ ಎಷ್ಟ ಜಾಗ ಅದ ನೋಡು, ಅಷ್ಟೇ ಎತ್ತರ ಮಾಡು" ಎಂದಿದ್ದರು. ಉಸ್ತಾದರು ಗಿಡ್ಡ ಮನುಷ್ಯ. ಅವರ ದೇಹಕ್ಕೆ ಆ ಮಣೆ ಕೂದಲಷ್ಟೂ ತಪ್ಪಿರಲಿಲ್ಲ. ಅವರೊಬ್ಬರ ದೇಹಕ್ಕೆ. ಆ ಬಡಿಗನ ದೃಶ್ಯ ನನಗೆ ನಿಜವಾಗಿ ನೆನಪಿದೆಯೋ, ಜಗದೇವಿ ಹೋದ ಮೇಲೆ ಕಾರಣ ಬೇಕಾಗಿ ನಾನೇ ಹುಟ್ಟಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ಮಣೆಯ ಎತ್ತರವನ್ನಂತೂ ಯಾರೂ ಹುಟ್ಟಿಸಿಕೊಂಡಿಲ್ಲ. ನನ್ನ ಕಣ್ಣು ಎತ್ತ ತಿರುಗಿದ್ದರೂ, ಚಹಾ ಕುಡಿದಿದ್ದರೂ ಬಿಟ್ಟಿದ್ದರೂ, ಅವಳ ಬೈಠಕ್ ಸರಿಯಾಗಿ ಇಳಿದಿರಬಹುದಾಗಿತ್ತು. ಅದನ್ನು ತಿಳಿಯುವ ಸಾಧನವೇ ನನ್ನ ಹತ್ತಿರ ಇರಲಿಲ್ಲ.

"ಈಗ ಏನು ಮಾಡಬೇಕವ್ವ?"

"ಬರದ್ ಕೊಡ್ರಿ. ಸಮಿತಿಯವ್ರು ಹೇಳ್ಯಾರ, ತೀರ್ಪು ಕೊಟ್ಟವ್ರೇ ಬರದ್ ಕೊಟ್ರ ಮತ್ತ ನೋಡತೀವಿ ಅಂತ. ಹೆಸರುಗಳು ಈ ಶನಿವಾರ ಹೋಗ್ತಾವ."

ಬರೆಯಲು ಕುಳಿತೆ. ಅವಳ ಬೈಠಕ್ ಸರಿ ಇತ್ತು ಎಂದು ಬರೆಯಲು ಆಗಲಿಲ್ಲ, ಅದು ನನಗೆ ಗೊತ್ತಿಲ್ಲ. ಮಣೆ ಎಲ್ಲರಿಗೂ ಸಮವಾಗಿರಲಿಲ್ಲ, ಆದ್ದರಿಂದ ನನ್ನ ತೀರ್ಪು ನಿಲ್ಲುವುದಿಲ್ಲ ಎಂದು ಬರೆದೆ. ಓದಿ, "ಇಷ್ಟೇ?" ಎಂದಳು. "ಇಷ್ಟೇ ಖರೇ" ಎಂದೆ. ಚೀಟಿಯನ್ನು ಮಡಚಿಕೊಂಡಳು.

ಆ ಚೀಟಿ ವೈಜಿನಾಥನ ಅಂಗಡಿಗೆ ನನಗಿಂತ ಮೊದಲೇ ಮುಟ್ಟಿತ್ತು. ನಾನು ಹೋದಾಗ ಅವನು ಗದ್ದುಗೆಯ ಮೇಲೆ ಕುಳಿತು ಅದನ್ನು ಐದನೆಯ ಸಲ ಓದುತ್ತಿದ್ದ.

"ಕಾಶ್ಯಾ, ಇದರ ಮತಲಬ್ ಏನು?"

"ಮಣಿ ಗಿಡ್ಡನವ್ರ ಕಡಿ ಇತ್ತು ಅಂತ."

ಅವನ ಕಣ್ಣು ಕಪಾಟಿನ ಮೇಲಕ್ಕೆ ಹೋಯಿತು. "ಹಂಗಾದ್ರ ನನ್ನ ಕಪ್?"

"ನಿನ್ನ ಕಪ್ ಯಾರೂ ಕೇಳಾಕತ್ತಿಲ್ಲ."

"ಕೇಳಾಕತ್ತಿಲ್ಲ. ನಾನೇ ಕೇಳಬೇಕಾತದಲ್ಲ, ದಿನಾ ಊದುಬತ್ತಿ ಹಚ್ಚುವಾಗ!" ಎಂದು ಚೀಟಿಯನ್ನು ತೂಕದ ಕಲ್ಲಿನ ಕೆಳಗಿಟ್ಟ. "ಇಷ್ಟು ವರ್ಷ ಭಾಷಣ ಮಾಡಿದಿ. ರಕ್ತ ಜಲ್ದಿ ತಿರಗತದ ಅಂದಿ. ನಾ ಮಂದಿಗೆಲ್ಲಾ ಹೇಳ್ಕೊಂತ ತಿರಗೀನಿ. ಮಗಳ ಲಗ್ನದಾಗ ಬೀಗರಿಗೂ ಹೇಳೀನಿ."

ನನಗೆ ನಗು ಬಂತು, ಅವನಿಗೆ ಬರಲಿಲ್ಲ. ಅವನು ಆ ಚೀಟಿಯನ್ನು ಹರಿದು ಹಾಕಬಹುದಿತ್ತು, ಅಧ್ಯಕ್ಷ ಅವನೇ. ಚಹಾ ತರಿಸಿದ, ಕುಡಿಯಲಿಲ್ಲ. ಕಡೆಗೆ, "ಜಗದೇವಿ ಒಬ್ಬಾಕೀಗೇ ಮಾಡಿದ್ರ ಇನ್ಸಾಫ್ ಆಗಂಗಿಲ್ಲ. ಚಿಟಗುಪ್ಪದಾಕಿನೂ ಬರ್ಲಿ. ಇಬ್ರೂ ಮತ್ತ ಹಾಕ್ಲಿ. ನೀ ಮಾತ್ರ ದೂರ ಕುಂದ್ರು" ಎಂದ. ಮೂರು ದಿನ ನನ್ನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ಅವನೇ ಮಾಡಿದ.

ಲಕ್ಷ್ಮಿ ಬರಲಾರೆ ಎನ್ನಬಹುದಿತ್ತು. ಗೆದ್ದವಳು ಮತ್ತೆ ಯಾಕೆ ಹಾಕಬೇಕು? ಬಂದಳು. "ನಾ ಏನು ಮಣಿ ಮ್ಯಾಲ ಗೆದ್ದಾಕಿ ಅನಸ್ಕೋಬೇಕೇನ್ರಿ?" ಎಂದಳಂತೆ. ಅವಳಿಗೂ ಮುಂದೆ ಪೊಲೀಸ್ ಭರ್ತಿಗೆ ಹೋಗುವ ಆಸೆ ಇತ್ತು, ರಾಜ್ಯ ಮಟ್ಟದ ಕಾಗದ ಅವಳಿಗೂ ಬೇಕಾಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಶುಕ್ರವಾರ ಸಂಜೆ, ನಾಗೇಶನ ಜಿಮ್. ಅವನು ಎರಡು ಕುರ್ಚಿಗಳ ನಡುವೆ ಎಲಾಸ್ಟಿಕ್ ದಾರ ಕಟ್ಟಿ ಅದಕ್ಕೊಂದು ಗೆಜ್ಜೆ ಪೋಣಿಸಿದ್ದ. ಒಬ್ಬೊಬ್ಬರನ್ನೂ ಅರ್ಧ ಕೂರಿಸಿ, ಅವರವರ ತೊಡೆಯ ಸಮಕ್ಕೆ ದಾರದ ಎತ್ತರ ಬದಲಿಸುವುದು. ತಾಗಿದರೆ ಗೆಜ್ಜೆ ನುಡಿಯುತ್ತದೆ. ಹೊಸಬರೇ, ನಾನು ಅಷ್ಟು ವರ್ಷದಲ್ಲಿ ಮಾಡಲಾಗದ್ದನ್ನು ಅವನು ಒಂದು ಚಡ್ಡಿಯ ಎಲಾಸ್ಟಿಕ್‌ನಿಂದ ಮಾಡಿದ.

ಲಕ್ಷ್ಮಿ ಮೊದಲು. ದಾರ ಅವಳಿಗೆ ಮಣೆಗಿಂತ ಕೆಳಗೆ ಬಂದಿತ್ತು, ಹಳೆಯ ಅಭ್ಯಾಸಕ್ಕೆ ಮೊದಲ ನಾಲ್ಕಾರು ಸಲ ಗೆಜ್ಜೆ ನುಡಿಯಲಿಲ್ಲ. ಹಲ್ಲು ಕಚ್ಚಿ ಇನ್ನೂ ಇಳಿದಳು. ಆಮೇಲೆ ನಿಲ್ಲಲೇ ಇಲ್ಲ. ಅವಳ ಲೆಕ್ಕವನ್ನು ನಾಗೇಶ ಹಲಗೆಯ ಮೇಲೆ ಬರೆದ.

ಜಗದೇವಿಯ ಸರದಿ. ಮೂರು ನಿಮಿಷ ಮುಗಿಯುವ ಹೊತ್ತಿಗೆ ಅವಳದೂ ಲಕ್ಷ್ಮಿಯದೂ ಸಮ. ಗೆಲ್ಲಲು ಇನ್ನೊಂದು ಬೇಕಿತ್ತು. ಗೆಜ್ಜೆ ನುಡಿಯಿತು, ಅವಳು ಎದ್ದಳು. ಆದರೆ ಮೊಣಕಾಲು ಪೂರ್ತಿ ನೆಟ್ಟಗಾಗುವ ಮೊದಲೇ ಮುಂದಿನದಕ್ಕೆ ಬಾಗಿದಳು.

"ಬಾದ್!" ಎಂದ ನಾಗೇಶ. ತನ್ನ ಜಿಮ್ಮಿನ ಹೆಣ್ಣುಮಗಳಿಗೆ.

ಜನ ಕೂಗಿದರು. ವೈಜಿನಾಥ ನನ್ನ ಕಡೆ ತಿರುಗಿದ. ಜಗದೇವಿಯೂ ಒಂದು ಕ್ಷಣ ನನ್ನನ್ನೇ ನೋಡಿದಳು. ಹೇಳ್ರಿ ಸರ್ ಎನ್ನುವ ಹಾಗೆ. ಬಾದ್ ಸರಿ ಇತ್ತು. ನಾನು ತಲೆಯಾಡಿಸಿದೆ, ಹೌದು ಎಂದು. ಅವಳ ಮುಖ ಕೆಂಪಾಯಿತು. ಬಾಗಿ, ಗೆಜ್ಜೆ ನುಡಿಸಿ, ಎದ್ದು, ಎದೆ ಸೆಟೆಸಿ ಪೊಲೀಸರ ಹಾಗೆ ನಿಂತಳು. ಆಮೇಲೆ ಸೀಟಿ ಕೇಳಿಸಿತು.

ಒಂದರಿಂದ ಗೆದ್ದಳು. ಈಗ ಬಸವಕಲ್ಯಾಣದಲ್ಲಿ ಹೆಂಗಸರಿಗೆ ಬೈಠಕ್ ಕಲಿಸುತ್ತಾಳೆ, ನನ್ನ ಹೆಂಡತಿಯೂ ಹೋಗುತ್ತಾಳೆ, ಬೈಸಿಕೊಂಡು ಬರುತ್ತಾಳೆ. ಅದು ಸರಿ.

ಆದರೆ ಆ ಸಂಜೆ ಎಲ್ಲರೂ ಜಗದೇವಿಯ ಸುತ್ತ ನಿಂತಿದ್ದಾಗ ಲಕ್ಷ್ಮಿ ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

"ಸರ್, ನಂದು ದಾರ ಬರಾಬರ್ ಕಟ್ಟಿದ್ರೇನ್ರಿ? ನೀವೇ ಒಂದ್ಸಲ ನೋಡ್ರಿ."

ಮತ್ತೆ ಅರ್ಧ ಕೂತಳು. ದಾರದ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿಯನ್ನು ಜಗದೇವಿಯೇ ಬಂದು ಹಿಡಿದಳು. ಎರಡು ಸಲ ಅಳೆದೆವು. ಸರಿ ಇತ್ತು.

"ಸರಿ ಅದವ್ವ."

"ಆಕಿಗಿ ಬರದ್ ಕೊಟ್ಟೀರಿ. ನನಗೂ ಬರದ್ ಕೊಡ್ರಿ."

ಸ್ಪರ್ಧೆಯ ಹಾಳೆಯ ಹಿಂಬದಿಯಲ್ಲಿ ಬರೆದೆ: ಅಳತೆ ಸರಿ ಇತ್ತು, ತೀರ್ಪು ಸರಿ ಇತ್ತು, ಲಕ್ಷ್ಮಿ ಸ್ವಲ್ಪದರಲ್ಲಿ ಸೋತಳು. ಅವಳು ನಿಂತಲ್ಲೇ ಓದಿ ನನ್ನ ಕೈಗೆ ವಾಪಸ್ಸು ಕೊಟ್ಟಳು.

"ಸ್ವಲ್ಪ ಅಂದ್ರ ಎಷ್ಟ್ರಿ ಸರ್?"

ನಾನು ಆ ಪದವನ್ನು ಹೊಡೆದು ಹಾಕಿ, ಮೇಲೆ 'ಒಂದು ಬೈಠಕ್' ಎಂದು ಬರೆದು, ತಿದ್ದುಪಡಿಯ ಪಕ್ಕ ಸಹಿ ಮಾಡಿದೆ. ಅವಳು ಅದನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಚಿಟಗುಪ್ಪದ ಬಸ್ಸಿಗೆ ಓಡಿದಳು.